ಹುಲ್ಲೆತ್ತಿ ನೋಡಿದರೆ

ಫೆಬ್ರವರಿ 11

ನಿವೃತ್ತಿಯ ದಿನ ಡಿಪೋದವರು ಕೊಟ್ಟ ಡೈರಿ ಇದು. ಕಂಡಕ್ಟರ್ ಆಗಿದ್ದಷ್ಟು ಕಾಲ ಟ್ರಿಪ್ ಶೀಟ್ ಬಿಟ್ಟರೆ ಬೇರೇನನ್ನೂ ಬರೆದವನಲ್ಲ. ಇವತ್ತು ಬರೆಯದೆ ಇರಲಾರೆ. ಹಾಲಿನ ಅಂಗಡಿಯ ಮುಂದೆ ನಾಲ್ಕು ಜನ ನನ್ನನ್ನು ತಡೆದು ನಿಲ್ಲಿಸಿ ‘ಪ್ರೊಫೆಸರ್’ ಎಂದು ಕರೆದರು. ತಮಾಷೆಗೇ ಕರೆದರು ಎಂದಿಟ್ಟುಕೊಂಡರೂ ಆಮೇಲೆ ನನ್ನ ಮೆಕ್ಕೆಜೋಳ ನೋಡಲು ನನ್ನ ಹಿಂದೆಯೇ ಹೊಲದವರೆಗೆ ಬಂದರಲ್ಲ, ಅದು ತಮಾಷೆಯಲ್ಲ.

ನನ್ನ ಮೆಕ್ಕೆಜೋಳ ಎಂದರೆ ನನ್ನ ಹೆಂಡತಿ, ಇವಳು, ಮುಖ ಸಿಂಡರಿಸುತ್ತಾಳೆ. ಹೊಲ ಅವಳ ಅಪ್ಪನದು. ಮಾವ ಇದ್ದ ಹೊಲವನ್ನು ಇಬ್ಬರು ಹೆಣ್ಣುಮಕ್ಕಳಿಗೂ ಸಮನಾಗಿ ಹಂಚಿ, ಬಾವಿಯನ್ನು ಹಂಚಲಾಗದೆ ನಡುವೆ ಬಿಟ್ಟುಹೋದರು. ಬಾವಿಯ ಈಚೆಗೆ ನಮ್ಮದು, ಆಚೆಗೆ ನಾದಿನಿಯದು. ಮೋಟರು ಒಂದೇ, ಸರದಿಯ ಮೇಲೆ ನೀರು. ಈ ವರ್ಷ ಬಾವಿ ಬೇಗ ತಗ್ಗಿದೆ. ಅದಕ್ಕೇ ನಾನು ಕೃಷಿ ಇಲಾಖೆಯ ಮೇಡಂ ನಡೆಸಿದ ತರಬೇತಿಗೆ ಹೋಗಿ ಬಂದು, ಸಾಲುಗಳ ನಡುವೆ ಒಣಹುಲ್ಲು, ದಂಟಿನ ಚೂರು, ತರಗೆಲೆ ಎಲ್ಲ ಹಾಸಿ ಹೊದಿಕೆ ಮಾಡಿದೆ. ಸಾಲು ಬಿಟ್ಟು ಸಾಲಿಗೆ ನೀರು. ಒಂದು ಸರದಿಗೆ ನೀರು ಹಾಯಿಸಿದರೆ ಮುಂದಿನ ಸರದಿಗೆ ಇಲ್ಲ.

ಇವತ್ತು ಬಂದವರ ಮುಂದೆ ಹುಲ್ಲು ಎತ್ತಿ ತೋರಿಸಿದೆ. ಕೆಳಗೆ ತಣ್ಣಗೆ ಒದ್ದೆ ಮಣ್ಣು. ಒಬ್ಬ ಮುಟ್ಟಿ ನೋಡಿ ಮೂಸಿಯೂ ನೋಡಿದ. ನಾನು ಬಸ್ಸಿನಲ್ಲಿ ಕೂಗುತ್ತಿದ್ದ ಗಂಟಲಿನಲ್ಲೇ ಭಾಷಣ ಕೊಟ್ಟೆ. ಗಿಡಕ್ಕೆ ಅರ್ಧ ನೀರು ಸಾಕು, ಉಳಿದರ್ಧ ನಾವು ಸೂರ್ಯನಿಗೆ ಕುಡಿಸ್ತಿದ್ದೀವಿ ಎಂದೆ. ಈ ಮಾತು ಮೇಡಂದು, ಆದರೆ ನನ್ನ ಬಾಯಲ್ಲಿ ಚೆನ್ನಾಗಿ ಕೇಳಿಸಿತು.

ಮನೆಗೆ ಬಂದು ಹೇಳಿದರೆ ಇವಳು ಹೊಲಿಗೆ ಯಂತ್ರದಿಂದ ತಲೆಯೂ ಎತ್ತಲಿಲ್ಲ. “ಪ್ರೊಫೆಸರ್ರು ಕಾಲು ತೊಳ್ಕೊಂಡು ಒಳಗೆ ಬನ್ನಿ” ಎಂದಳು.

ಫೆಬ್ರವರಿ 19

ಗಿಡಗಳ ನೆತ್ತಿಯಲ್ಲಿ ಸೂಲಂಗಿ ಹೂವು ಬಂದಿದೆ, ತೆನೆಗಳ ತುದಿಯಲ್ಲಿ ಕೂದಲೂ ಇಣುಕುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತವೆ, ಸಂಜೆಗೆ ಬಿಚ್ಚಿಕೊಳ್ಳುತ್ತವೆ. ಬಿಸಿಲಿಗೆ ನಾವು ಕೊಡೆ ಹಿಡಿಯುವುದಿಲ್ಲವೇ, ಹಾಗೆ. ಹುಲ್ಲಿಗೆ ಕೈಯಿಟ್ಟು ನೋಡಿದೆ, ಬೆಳಗಿನ ಇಬ್ಬನಿಗೆ ಒದ್ದೆಯಾಗಿಯೇ ಇತ್ತು. ಈ ಸರದಿಯಲ್ಲೂ ನೀರು ಹಾಯಿಸಲಿಲ್ಲ.

ನಾದಿನಿ ಬದುವಿನ ಮೇಲೆ ನಿಂತು ಕೇಳಿದಳು, “ಭಾವ, ಕೂದಲು ಬರೋ ಹೊತ್ತಲ್ಲಿ ನೀರು ನಿಲ್ಲಿಸಬಹುದಾ? ಎಲೆ ಯಾಕೋ ಬಾಡಿದ ಹಾಗೆ ಕಾಣುತ್ತೆ.”

“ನೀನು ಆಸ್ಪತ್ರೇಲಿ ಬಟ್ಟೆ ಒಗೆಯೋವಾಗ ನಾನು ಬಂದು ಸೋಪು ಎಷ್ಟು ಹಾಕ್ತೀಯ ಅಂತ ಕೇಳ್ತೀನಾ?” ಎಂದೆ. ಅವಳು ನಕ್ಕಳು. ಅವಳದು ನಮ್ಮದಕ್ಕಿಂತ ತಡವಾಗಿ ಬಿತ್ತಿದ್ದು, ಇನ್ನೂ ಸೊಂಟದೆತ್ತರ. ಅವಳಿಂದಲೂ ಹುಲ್ಲು ಹಾಸಿಸಿದ್ದೇನೆ. ಕೂದಲು ಬಂದಾಗ ನೀನೂ ನೀರಿನ ಸರದಿ ತಪ್ಪಿಸು, ನೋಡು ಮಜಾ ಎಂದೆ. “ನೀವು ಹೇಳಿದ ಮೇಲೆ ಆಯ್ತು ಭಾವ” ಎಂದಳು.

ಪಾಪ, ಅವಳಿಗೆ ಇದು ಆಟವಲ್ಲ. ಅವಳ ಗಂಡ, ನನ್ನ ಷಡ್ಡಕ, ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಹೊರಗೇ ಇರುತ್ತಾನೆ. ಬೆಳೆ ನೋಡಿಕೊಳ್ಳುವವರಿಲ್ಲ ಎಂದು ಹೊಲವನ್ನು ಇಟ್ಟಿಗೆ ಗೂಡಿನವನಿಗೆ ಕೊಡಲು ಹೊರಟಿದ್ದ. ಅವನು ಮೇಲ್ಮಣ್ಣು ಕೆರೆದುಕೊಂಡು ಹೋದರೆ ಆಮೇಲೆ ಅಲ್ಲಿ ಗರಿಕೆಯೂ ಹುಟ್ಟುವುದಿಲ್ಲ. ಇದೊಂದು ಬೆಳೆ ನಾನು ಬೆಳೆದು ತೋರಿಸ್ತೀನಿ, ಆಗದಿದ್ರೆ ಕೊಟ್ಟುಬಿಡಿ ಎಂದು ನಾದಿನಿ ಗಂಡನ ಹತ್ತಿರ ಮಾತು ತೆಗೆದುಕೊಂಡಿದ್ದಾಳೆ. ನಾನಿದ್ದೇನಲ್ಲ ಎಂದು ಅವಳಿಗೆ ಧೈರ್ಯ ಹೇಳಿದ್ದೇನೆ.

ಮಾರ್ಚ್ 3

ಇವತ್ತು ಒಂದು ತೆನೆ ಬಿಚ್ಚಿ ನೋಡಿದೆ.

ಹೊರಗಿನಿಂದ ನೋಡಿದರೆ ಒಂದಕ್ಕಿಂತ ಒಂದು ದಪ್ಪ. ಸಿಪ್ಪೆ ಸುಲಿದರೆ ಕಾಳಿಲ್ಲ. ಬುಡದಲ್ಲಿ ಒಂದಿಷ್ಟು, ನಡುವೆ ಅಲ್ಲೊಂದು ಇಲ್ಲೊಂದು, ತುದಿಯವರೆಗೆ ಬರೀ ಬೋಳು. ಮುದುಕನ ಬಾಯಿಯ ಹಾಗೆ. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. ಬೇರೆ ಸಾಲಿಗೆ ಹೋದೆ, ಅಲ್ಲೂ ಹಾಗೇ. ಸುಲಿದ ತೆನೆಗಳನ್ನು ಏನು ಮಾಡುವುದೆಂದು ತಿಳಿಯದೆ ಹುಲ್ಲಿನ ಕೆಳಗೆ ತುರುಕಿದೆ.

ಮೊಣಕಾಲೂರಿ ಹುಲ್ಲು ಸರಿಸಿ ಬೆರಳು ಇಳಿಸಿದೆ. ಮೇಲೆ ಒಂದು ಪದರ ಒದ್ದೆ, ಅದರ ಕೆಳಗೆ ಬೂದಿಯಂಥ ಮಣ್ಣು. ಇಷ್ಟು ದಿನ ನಾನು ಹುಲ್ಲನ್ನು ಮುಟ್ಟಿದ್ದೇನೆ, ಮಣ್ಣನ್ನು ಮುಟ್ಟಿಲ್ಲ.

ಮಾರ್ಚ್ 4

ಮೇಡಂಗೆ ಫೋನು ಮಾಡಿ, ಯಾರೋ ಪರಿಚಯದವರ ಹೊಲ ಎಂದು ಸುಳ್ಳು ಹೇಳಿ ಕೇಳಿದೆ.

“ಸೂಲಂಗಿ, ಕೂದಲು ಬರೋ ಹೊತ್ತಲ್ಲಿ ನೀರು ತಪ್ಪಿಸಿದ್ದಾರಾ? ಹಾಗಾದ್ರೆ ಮುಗೀತು. ಕೂದಲು ಒಣಗಿದ್ರೆ ಕಾಳು ಕಟ್ಟೋದೆಲ್ಲಿಂದ? ಬೇರೆ ಯಾವಾಗ ಬೇಕಾದ್ರೂ ಉಳಿಸಿ, ಆಗ ಮಾತ್ರ ಉಳಿಸಬೇಡಿ ಅಂತ ಊಟ ಆದ್ಮೇಲೆ ಅಷ್ಟೊತ್ತು ಹೇಳಿದ್ನಲ್ಲ. ನೀವೂ ಇದ್ರಲ್ಲ!”

ಊಟ ಆದ ಮೇಲೆ ನಾನು ಇರಲಿಲ್ಲ. ನನ್ನ ಹಳೆಯ ಡ್ರೈವರ್ ಸಿಕ್ಕಿದ್ದ, ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ತರಬೇತಿಗೆ ಬಂದವರನ್ನು ಆಡಿಕೊಂಡು ನಗುತ್ತ ಕೂತಿದ್ದೆವು.

ನಾಚಿಕೆಯಾಗುತ್ತಿದೆ.

ಮಾರ್ಚ್ 6

ನಾದಿನಿಯ ಹೊಲದಲ್ಲಿ ಸೂಲಂಗಿ ಒಡೆಯುತ್ತಿದೆ. ಇನ್ನೇನು ಕೂದಲು ಬರುತ್ತದೆ. ಹೇಳಿಬಿಡಬೇಕು, ಇವತ್ತೇ ಹೇಳಬೇಕು ಎಂದು ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೇ ನಡೆದೆ. ಬೀದಿಯಲ್ಲಿ ಯಾರೂ ಮಾತನಾಡಿಸದಿರಲೆಂದು ಹಿತ್ತಲ ದಾರಿ ಹಿಡಿದಿದ್ದೆ.

ಅವಳು ಕೆಲಸದಿಂದ ಆಗಷ್ಟೇ ಬಂದಿದ್ದಳು. ಕೈಯೆಲ್ಲ ಸೋಪಿಗೆ ಸುಕ್ಕುಗಟ್ಟಿತ್ತು. ಕುರ್ಚಿ ಒರೆಸಿ ಕೂರಿಸಿ, ಚಹಾ ಕೊಟ್ಟು, ತಾನು ಹೊಸಿಲ ಮೇಲೆ ಕೂತಳು.

“ಭಾವ, ಒಂದು ಮಾತು ಕೇಳ್ಲಾ…” ಎಂದಳು.

“ನಾನೂ ಒಂದು ಮಾತು ಹೇಳೋಣ ಅಂತಲೇ ಬಂದೆ” ಎಂದೆ.

“ನೀವೇ ಮೊದಲು ಹೇಳಿ.”

ಸೋಪಿನ ಮಾತು ನೆನಪಾಯಿತು. ಅವಳು ಬದುವಿನ ಮೇಲೆ ನಿಂತು ಕೇಳಿದ್ದು ಸರಿಯಾದ ಪ್ರಶ್ನೆ, ನಾನು ಅದಕ್ಕೆ ಕೊಟ್ಟದ್ದು ಕೊಬ್ಬಿನ ಉತ್ತರ. “ಚಹಾ ಚೆನ್ನಾಗಿದೆ” ಎಂದೆ.

ಅವಳೂ ಏನನ್ನೋ ನುಂಗಿಕೊಂಡು, “ಅಕ್ಕ ಹೇಗಿದ್ದಾಳೆ?” ಎಂದು ಕೇಳಿದಳು. ಅಕ್ಕನನ್ನು ಅವಳು ಬೆಳಗ್ಗೆಯೇ ನೋಡಿದ್ದಳು.

ಎದ್ದು ಬಂದೆ. ಇಷ್ಟು ವರ್ಷ ಬಸ್ಸಿನ ತುಂಬ ಜನರನ್ನು ಗದರಿದವನಿಗೆ ಒಂದು ವಾಕ್ಯ ಹೊರಡಲಿಲ್ಲ.

ಮಾರ್ಚ್ 7

ಹೇಳಲಾಗದಿದ್ದರೆ ಬೇಡ. ಮಾಡಲು ಆಗುತ್ತದಲ್ಲ.

ಅವಳು ಬೆಳಗ್ಗೆ ಹೋದರೆ ಸಂಜೆಯವರೆಗೆ ಆಸ್ಪತ್ರೆಯಲ್ಲಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಮೋಟರು ಹಾಕಿದೆ. ಇವತ್ತು ನಮ್ಮ ಸರದಿ. ನಮ್ಮ ಕಾಲುವೆಗೆ ಮಣ್ಣು ಕಟ್ಟಿ, ಅವಳ ಕಡೆಗೆ ಬಾಯಿ ತೆಗೆದೆ. ಸಾಲಿನಿಂದ ಸಾಲಿಗೆ ಸಲಿಕೆ ಹಿಡಿದು ಓಡಾಡಿ ಅರ್ಧ ಹೊಲ ನೆನೆಸುವಷ್ಟರಲ್ಲಿ ಕರೆಂಟು ಹೋಯಿತು. ಆಮೇಲೆ ನನ್ನ ಹೆಜ್ಜೆ ಕಾಣದ ಹಾಗೆ ಹುಲ್ಲನ್ನು ಮತ್ತೆ ಹರಡಿದೆ. ಮೇಲೆ ಒಣಗಿದ ಹುಲ್ಲು, ಕೆಳಗೆ ನೀರು. ಈ ಹೊದಿಕೆಯಿಂದ ಇಂಥ ಉಪಯೋಗವೂ ಇದೆ ಎಂದು ಮೇಡಂ ಹೇಳಿರಲಿಲ್ಲ.

ನಮ್ಮ ಹೊಲದಲ್ಲಿ ಇರುವ ನಾಲ್ಕು ಕಾಳಾದರೂ ತುಂಬಿಕೊಳ್ಳಲು ನೀರು ಬೇಕಿತ್ತು. ಇರಲಿ. ನಮ್ಮದು ಹೋದದ್ದೇ ಹೋಯಿತು.

ಮಾರ್ಚ್ 9

ಬರೆಯುವಂಥದ್ದೇನಿಲ್ಲ. ಹಾಲು ತರಲು ಇವಳನ್ನೇ ಕಳಿಸಿದೆ.

ಮಾರ್ಚ್ 13

ಮತ್ತೆ ಅವಳ ಹೊಲಕ್ಕೆ ನೀರು ಬಿಟ್ಟೆ. ವಿಚಿತ್ರವೆಂದರೆ ಮೊನ್ನೆ ಕರೆಂಟು ಹೋಗಿ ಉಳಿದಿದ್ದ ಅರ್ಧ ಹೊಲದಲ್ಲೂ ಹುಲ್ಲೆತ್ತಿದರೆ ಹಸಿ ಇತ್ತು. ಬೆರಳನ್ನು ಗೆಣ್ಣಿನವರೆಗೆ ಇಳಿಸಿ ನೋಡಿದೆ, ಚೆನ್ನಾಗಿಯೇ ಹಸಿ. ಹೊದಿಕೆಯ ಮಹಿಮೆ! ನನ್ನ ಮಾತು ಪೂರ್ತಿ ಸುಳ್ಳೇನಲ್ಲ ಎಂದು ಒಂದು ಗಳಿಗೆ ಎದೆ ಉಬ್ಬಿತು. ಆದರೂ ಅನುಮಾನ ಬೇಡವೆಂದು ನೀರು ಬಿಟ್ಟೆ. ಮೋಟರಿನ ಮೈ ಮುಟ್ಟಿದರೆ ಆಗಲೇ ಬೆಚ್ಚಗಿತ್ತು, ಬಿಸಿಲಿಗೆ ಇರಬೇಕು.

ರಾತ್ರಿ ಊಟಕ್ಕೆ ಕೂತಾಗ ಇವಳು ನನ್ನ ಪ್ಯಾಂಟಿನ ಅಂಚನ್ನೇ ನೋಡುತ್ತಿದ್ದಳು.

“ಏನ್ರೀ, ನೀರು ಬಿಟ್ಟು ಬಂದ್ರಾ?”

“ಹ್ಞೂಂ.”

“ಮತ್ತೆ ನಮ್ಮ ಹೊಲ ಯಾಕೆ ಹಪ್ಪಳದ ಹಾಗಾಗಿದೆ?”

ಬಿಸಿಲು ಎಂದೆ. ಬಿಸಿಲಿನ ಮೇಲೆ ನಾನು ಹೊರಿಸಿದಷ್ಟು ತಪ್ಪನ್ನು ಯಾರೂ ಹೊರಿಸಿರಲಾರರು.

ಮಾರ್ಚ್ 20

ಬಾವಿ ಗಾಬರಿ ಹುಟ್ಟಿಸುವಷ್ಟು ಇಳಿದಿದೆ. ನಾನು ಬಿಟ್ಟ ನೀರಿಗೆ ಇಷ್ಟು ಇಳಿಯಬಾರದು. ಸೋರಿಕೆ ಇರಬಹುದೆಂದು ಕಾಲುವೆಯುದ್ದಕ್ಕೂ ಹುಡುಕಿದೆ, ಎಲ್ಲೂ ಇಲ್ಲ. ನಾದಿನಿಯ ಹೊಲದ ತಗ್ಗಿನ ಕಡೆಯ ಒಂದೆರಡು ಸಾಲು ಹಳದಿಗೆ ತಿರುಗಿವೆ. ನೀರು ಸಾಲದೇ ಇರಬೇಕೆಂದು ಅಲ್ಲಿಗೆ ಇನ್ನಷ್ಟು ಬಿಟ್ಟೆ. ಉಳಿದ ಕಡೆ ತೆನೆಗಳು ಕೈತುಂಬ ಸಿಗುವಂತಿವೆ, ಕೂದಲು ಕೆಂಪಗೆ ಎಳೆ ಎಳೆಯಾಗಿದೆ.

ಹಾಲಿನ ಅಂಗಡಿಯವರು ಮತ್ತೆ ಹೊಲ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಸೊಂಟ ಹಿಡಿದಿದೆ ಎಂದು ಹೇಳಿಸಿದೆ. ಇವಳು ನಿಜವಾಗಿಯೂ ಎಣ್ಣೆ ಬಿಸಿ ಮಾಡಿ ತಂದು ಮುಂದೆ ಇಟ್ಟಳು. ಹಚ್ಚಿಸಿಕೊಂಡೆ. ಏನೂ ಆಗದ ಸೊಂಟವನ್ನು ಅವಳು ಅಷ್ಟು ಜತನದಿಂದ ತಿಕ್ಕುವಾಗ ಅಳು ಬಂದ ಹಾಗಾಯಿತು.

ಏಪ್ರಿಲ್ 5

ನಮ್ಮ ಕೊಯ್ಲು. ಕೂಲಿಯವರು ಬೇಡ, ನಾವಿಬ್ಬರೇ ಸಾಕು ಎಂದು ಹಟ ಹಿಡಿದೆ. ಇವಳು ಮೊದಲನೆಯ ತೆನೆ ಸುಲಿದು ನೋಡಿದಳು. ಎರಡನೆಯದು ಸುಲಿದಳು. ಆಮೇಲೆ ಬದುವಿನ ಮೇಲೆ ಕೂತುಬಿಟ್ಟಳು.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. “ಯಾವಾಗಿಂದ ಗೊತ್ತು ನಿಮಗೆ?” ಎಂದಳು. ಹೇಳಿದೆ. ಚಹಾದ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳ ತಂಗಿಯ ಹೊಲಕ್ಕೆ ಕದ್ದು ನೀರು ಬಿಟ್ಟದ್ದನ್ನೂ ಹೇಳಿದೆ.

“ಅವಳಿಗೆ ಹೇಳಿದ್ರಾ?”

“ಇಲ್ಲ.”

“ನೀರು ಕೊಡೋದು ಸುಲಭ, ಮಾತು ಕೊಡೋದು ಕಷ್ಟ ಆಯ್ತಲ್ಲ ನಿಮಗೆ” ಎಂದಳು. ಅಷ್ಟೇ. ಎದ್ದು ಕೆಲಸಕ್ಕೆ ಬಗ್ಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಒಂದು ತೆನೆಯನ್ನು ನನ್ನ ಮುಂದೆ ಹಿಡಿದಳು. ಅದರ ಸಿಪ್ಪೆಯನ್ನು ಯಾರೋ ಬಿಚ್ಚಿ, ಮತ್ತೆ ಮೊದಲಿನಂತೆ ಮುಚ್ಚಿ, ಬಿಳಿಯ ಲಾಡಿಯಿಂದ ಬಿಗಿದಿದ್ದರು. “ಇದನ್ನ ನೀವು ಕಟ್ಟಿದ್ದಾ?” ಎಂದಳು. ಇಲ್ಲ, ಗಿಳಿ ಕಟ್ಟಿರುತ್ತೆ ಎಂದೆ. ಅವಳು ತೆನೆಯನ್ನು ಚೀಲಕ್ಕೆ ಹಾಕಿದಳು.

ಏಪ್ರಿಲ್ 24

ನಾದಿನಿಯ ಕೊಯ್ಲು. ಷಡ್ಡಕ ಲಾರಿ ಸಮೇತ ಬಂದಿದ್ದಾನೆ. ಹಾಲಿನ ಅಂಗಡಿಯವರೂ ಬಂದಿದ್ದರು. ಇಟ್ಟಿಗೆಯವನು ತನ್ನ ಮೋಟರ್‌ಬೈಕಿನ ಮೇಲೆ ಒಂದು ಕಾಲು ಹಾಕಿಕೊಂಡೇ ದೂರದಲ್ಲಿ ನಿಂತಿದ್ದ.

ಷಡ್ಡಕ ತಾನೇ ತೆನೆ ಸುಲಿದ. ಬುಡದಿಂದ ತುದಿಯವರೆಗೆ ಒತ್ತೊತ್ತಾಗಿ ಕಾಳು, ನಡುವೆ ಉಗುರು ತೂರಿಸಲೂ ಜಾಗವಿಲ್ಲ. ಇನ್ನೊಂದನ್ನು ಸುಲಿದ. ಹಾಗೇ. ತಗ್ಗಿನ ಆ ಹಳದಿ ಸಾಲುಗಳನ್ನು ಬಿಟ್ಟರೆ ಎಲ್ಲವೂ ಹಾಗೇ. ನನಗೆ ಉಸಿರು ಬಂತು.

ಆಮೇಲೆ ಅವನು ಎಲ್ಲರ ಮುಂದೆ ನನ್ನ ಎರಡೂ ಕೈ ಹಿಡಿದುಕೊಂಡ. “ಅಣ್ಣ, ನೀವು ಹೇಳಿಕೊಟ್ಟಿದ್ದಕ್ಕೆ ಇದು ಬಂತು. ಇವಳಿಗೇನು ಗೊತ್ತಿತ್ತು? ಇಟ್ಟಿಗೆಯವನಿಗೆ ಬೇಡ ಅಂತ ಹೇಳಿಬಿಟ್ಟೆ. ನೀವು ಇರೋವರೆಗೂ ಈ ಹೊಲಕ್ಕೆ ಭಯ ಇಲ್ಲ” ಎಂದ.

ಎಲ್ಲರೂ ‘ಪ್ರೊಫೆಸರ್’ ಎಂದರು. ನನ್ನ ಹೊಲದ ಜೋಳ ನೋಡಿದವರು ಯಾರೂ ಇರಲಿಲ್ಲ, ಇವಳು ಅದನ್ನು ಚೀಲಗಳಲ್ಲಿ ಕಟ್ಟಿ ಒಳಕೋಣೆಗೆ ಹಾಕಿದ್ದಳು. ನಾನು ಬೇಡ ಬೇಡ ಎಂದು ಕೈ ಬಿಡಿಸಿಕೊಂಡೆ. ಅದನ್ನೂ ವಿನಯ ಎಂದುಕೊಂಡರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನಾದಿನಿ ತಲೆ ತಗ್ಗಿಸಿ ತೆನೆ ಮುರಿಯುತ್ತಲೇ ಇದ್ದಳು.

ಏಪ್ರಿಲ್ 25

ಬೆಳಗ್ಗೆ ಎದ್ದವನೇ ಬಾವಿಯ ಹತ್ತಿರ ಹೋದೆ. ನಾದಿನಿ ಖಾಲಿ ದಂಟುಗಳನ್ನು ಕಡಿದು ಸಾಲಿಗೆ ಹಾಸುತ್ತಿದ್ದಳು. ನಿಂತ ಜಾಗದಲ್ಲೇ, ಯೋಚಿಸುವ ಮೊದಲೇ ಹೇಳಿಬಿಟ್ಟೆ.

“ನಾನು ನಿಂಗೆ ಹೇಳಿದ್ದು ತಪ್ಪು. ಕೂದಲು ಬಂದಾಗ ನೀರು ನಿಲ್ಲಿಸಬಾರದಿತ್ತು. ನಮ್ಮ ಬೆಳೆ ಪೂರ್ತಿ ಹೋಗಿದೆ. ನಿನ್ನ ಹೊಲಕ್ಕೆ ಮಧ್ಯಾಹ್ನದ ಹೊತ್ತು ನಾನೇ ನೀರು ಬಿಟ್ಟೆ. ಹೇಳೋಕೆ ಮುಖ ಇರಲಿಲ್ಲ.”

ಅವಳು ಕತ್ತಿ ಕೆಳಗಿಟ್ಟಳು.

“ಮಧ್ಯಾಹ್ನ ನೀವಾ?” ಎಂದಳು. “ಅದಕ್ಕೇ ಅಷ್ಟು ಒದ್ದೆ! ನಾನು ಹೊದಿಕೆ ಮಹಿಮೆ ಅಂದ್ಕೊಂಡೆ ಭಾವ.”

ನನಗೆ ಅರ್ಥವಾಗಲಿಲ್ಲ. ಅವಳು ಮುಖ ಮುಚ್ಚಿಕೊಂಡು ನಕ್ಕಳು, ಕೈ ತೆಗೆದಾಗ ಕಣ್ಣಲ್ಲಿ ನೀರಿತ್ತು.

“ಬೆಳಗ್ಗೆ ಹೊತ್ತು ನಾನೂ ಬಿಡ್ತಿದ್ದೆ. ಕೆಲಸಕ್ಕೆ ಹೋಗೋ ಮುಂಚೆ. ನಿಮ್ಮ ಹೊಲದ್ದು ಒಂದು ತೆನೆ ಬಿಚ್ಚಿ ನೋಡಿದ್ದೆ ನಾನು, ನೀವು ನಮ್ಮನೆಗೆ ಬಂದ್ರಲ್ಲ, ಅದಕ್ಕೂ ಮುಂಚೆನೇ. ಕಾಳೇ ಇರಲಿಲ್ಲ. ನಿಮಗೆ ಗೊತ್ತಾಗದಿರಲಿ ಅಂತ ಆಸ್ಪತ್ರೆ ಬಟ್ಟೆ ಗಂಟು ಕಟ್ಟೋ ಲಾಡಿಯಲ್ಲೇ ಮತ್ತೆ ಕಟ್ಟಿಟ್ಟೆ. ಅವತ್ತೇ ಕೇಳೋಣ ಅಂತಿದ್ದೆ. ನೀವು ಅಷ್ಟು ಧೈರ್ಯ ಹೇಳಿದ್ದೀರಿ, ನಿಮ್ಮ ಮಾತು ಮೀರಿ ನೀರು ಬಿಡ್ತೀನಿ ಅಂತ ಹೇಗೆ ಹೇಳ್ಲಿ? ನಾಚಿಕೆ ಆಯ್ತು. ಸುಮ್ನೆ ನೀರು ಬಿಟ್ಟು, ಹುಲ್ಲು ಹರಡಿ, ಹೋಗ್ತಿದ್ದೆ.”

ಒಂದೇ ಹೊಲಕ್ಕೆ ಬೆಳಗ್ಗೆ ಅವಳು, ಮಧ್ಯಾಹ್ನ ನಾನು. ಒಂದೇ ಹುಲ್ಲನ್ನು ಇಬ್ಬರೂ ಎತ್ತಿ ಇಬ್ಬರೂ ಮುಚ್ಚಿದ್ದೇವೆ. ಬೆಚ್ಚಗಿದ್ದ ಮೋಟರು, ಇಳಿದ ಬಾವಿ, ನೀರು ಹೆಚ್ಚಾಗಿ ಕೊಳೆತ ಆ ಹಳದಿ ಸಾಲುಗಳು ಎಲ್ಲ ಒಟ್ಟಿಗೆ ನೆನಪಾದವು. ಅವಳ ಹೊಲವನ್ನಾದರೂ ಉಳಿಸಿದೆ ಎಂದು ಒಳಗೊಳಗೇ ಒಂದು ಸಣ್ಣ ಸಮಾಧಾನ ಇಟ್ಟುಕೊಂಡಿದ್ದೆ. ಈಗ ಅದೂ ಹೋಯಿತು. ನಾನು ಇಲ್ಲದಿದ್ದರೂ ಅವಳ ಬೆಳೆ ಉಳಿಯುತ್ತಿತ್ತು, ಇನ್ನೂ ಚೆನ್ನಾಗಿಯೇ ಉಳಿಯುತ್ತಿತ್ತು.

“ನಿನ್ನೆ ನಿನ್ನ ಗಂಡ ಹಾಗಂದಾಗ ಯಾಕೆ ಸುಮ್ಮನಿದ್ದೆ?” ಎಂದೆ.

ಅವಳು ಬಗ್ಗಿ ಕತ್ತಿ ಎತ್ತಿಕೊಂಡಳು. “ಅಷ್ಟು ಜನದ ಮುಂದೆ ನಿಮ್ಮ ಮಾನ ತೆಗೀಲಾ?” ಎಂದಳು. ಆಮೇಲೆ ದಂಟು ಕಡಿಯುತ್ತ, ನನ್ನ ಕಡೆ ನೋಡದೆ, “ಆದ್ರೆ ‘ಇವಳಿಗೇನು ಗೊತ್ತಿತ್ತು’ ಅಂತ ಅವರು ಅಂದ್ರಲ್ಲ ಭಾವ, ಅದು ಚುಚ್ತು” ಎಂದಳು.

ಲಾರಿ ಹೊರಡುವ ಸದ್ದು ಕೇಳಿಸಿತು. ಓಡಿದೆ. ಈ ವಯಸ್ಸಿನಲ್ಲಿ ಹಾಗೆ ಓಡಬಾರದು. ಹಾಲಿನ ಅಂಗಡಿಯ ಮುಂದೆ ಲಾರಿ ತಿರುಗುತ್ತಿತ್ತು. ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದೆ, ಹಳೇ ಚಾಳಿ. ಲಾರಿ ನಿಂತಿತು. ಫುಟ್‌ಬೋರ್ಡ್ ಹತ್ತಿ ಕಿಟಕಿ ಹಿಡಿದುಕೊಂಡು, ಇಂಜಿನ್ ಸದ್ದಿನ ಮೇಲೆ ಕೇಳುವ ಹಾಗೆ ಕೂಗಿ ಹೇಳಿದೆ. ಬೇರೆ ಗಂಟಲು ನನಗಿಲ್ಲ.

“ಬೆಳೆ ಉಳಿಸಿದ್ದು ನಿನ್ನ ಹೆಂಡ್ತಿ! ನಾನು ನೀರು ನಿಲ್ಲಿಸು ಅಂದೆ, ಅವಳು ನಿಲ್ಲಿಸಲಿಲ್ಲ. ನನ್ನ ತೆನೆಯಲ್ಲಿ ಕಾಳೇ ಇಲ್ಲ, ಬೇಕಾದ್ರೆ ಬಂದು ನೋಡು!”

ಅಂಗಡಿಯ ಮುಂದಿದ್ದವರೆಲ್ಲ ತಿರುಗಿದರು. ಷಡ್ಡಕ ಇಂಜಿನ್ ಆರಿಸಿದ. ಪೂರ್ತಿ ಹೇಳಲೇಬೇಕಾಯಿತು, ಚಹಾದ ಅಂಗಡಿ, ಮಧ್ಯಾಹ್ನದ ನೀರು ಎಲ್ಲ.

ಅವನು ತಲೆ ಕೆರೆದುಕೊಂಡ. “ಅಂದ್ರೆ ಒಂದೇ ಹೊಲಕ್ಕೆ ಇಬ್ರೂ ನೀರು ಬಿಟ್ರಾ? ಅಣ್ಣ, ಇದು ನೀರು ಉಳಿಸೋ ಬೇಸಾಯ ಅಂತ ಹೇಳಿದ್ರಲ್ಲ!”

ಬೀದಿಗೆ ಬೀದಿಯೇ ನಕ್ಕಿತು. ನಾನು ಫುಟ್‌ಬೋರ್ಡಿನ ಮೇಲೆ ನಿಂತೇ ಇದ್ದೆ. ನಗು ನಿಂತ ಮೇಲೆ ಅವನು ಬಾಗಿಲು ತೆಗೆದು ಇಳಿದು, ಹೊಲದ ಕಡೆ ನಡೆದ. ಏನು ಮಾತಾಡಿಕೊಂಡರೋ ಗೊತ್ತಿಲ್ಲ, ಅದು ಅವರಿಬ್ಬರ ವಿಷಯ. ಲಾರಿ ಮಾತ್ರ ಮಧ್ಯಾಹ್ನದವರೆಗೆ ಅಡ್ಡಡ್ಡ ನಿಂತು ಎಲ್ಲರ ದಾರಿ ಕಟ್ಟಿತ್ತು.

ಜೂನ್ 30

ಮತ್ತೆ ಬಿತ್ತಿದ್ದೇವೆ. ಹಾಲು ತೆಗೆದುಕೊಂಡು, ಅಂಗಡಿಯ ಮುಂದೆ ಒಂದಿಷ್ಟು ಹೊತ್ತು ನಿಂತು ಮಾತಾಡಿ, ಅಲ್ಲಿಂದಲೇ ಹೊಲಕ್ಕೆ ಹೋದೆ. ಈಗ ಅವರು ನನ್ನನ್ನು ‘ಡಬಲ್ ನೀರು’ ಎಂದು ಕರೆಯುತ್ತಾರೆ. ಮೋಟರು ಮನೆಯ ಬಾಗಿಲಿಗೆ ನಾನು ನೇತುಹಾಕಿರುವ ಬೋಳು ತೆನೆಯನ್ನು ನೋಡಲು ಬೇರೆ ಬೀದಿಯವರೂ ಬಂದಿದ್ದರು, ಯಾಕೆ ಹೀಗಾಯಿತೆಂದು ವಿವರಿಸಿ ಕಳಿಸಿದೆ.

ನಾದಿನಿ ಆಸ್ಪತ್ರೆಗೆ ಹೊರಟಿದ್ದವಳು ಬದುವಿನ ಮೇಲೆ ನಿಂತಳು.

“ಇವತ್ತು ನೀರು ಬಿಡ್ಲಾ?” ಎಂದು ಕೇಳಿದೆ.

“ಹುಲ್ಲೆತ್ತಿ ನೋಡಿ ಭಾವ.”

ಮೊಣಕಾಲೂರಿ ಹುಲ್ಲು ಸರಿಸಿದೆ. ಬೆರಳು ಪೂರ್ತಿ ಇಳಿಸಿದೆ. ಹಸಿ ಇತ್ತು.

“ನೀನೇನಾದ್ರೂ ಬೆಳಗ್ಗೆ ಬಿಟ್ಟಿದ್ದೀಯಾ?” ಎಂದೆ.

“ಇಲ್ಲ. ನೀವು ನಿನ್ನೆ ಮಧ್ಯಾಹ್ನ?”

“ಇಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಾಗಿದ್ದರೆ ಇದು ಹೊದಿಕೆಯದೇ ಕೆಲಸ, ಇವತ್ತು ಬೇಡ ಎಂದಳು. ಹುಲ್ಲನ್ನು ಮೊದಲಿನಂತೆ ಮುಚ್ಚಿ, ಮೋಟರು ಮನೆಗೆ ಬೀಗ ಹಾಕಿ, ಮನೆಗೆ ಬಂದೆ.